ಬಾನುಲಿ ತಡೆದ ಹಾಡು: ಪೋಲೆಂಡಿನ 'ಬ್ರೇಕೌಟ್' ತಂಡದ ಕಥೆ

ಪರನಾಡಿನಿಂದ ಬಂದ ಹಾಡಿನ ಬಗೆಯೊಂದು ಯಾವಾಗ ಒಂದು ಜನರ ಸ್ವಂತದ್ದಾಗುತ್ತದೆ? ಬಹುಕಾಲ ಇತಿಹಾಸವನ್ನು ಬೋಧಿಸಿದ ನನಗೆ ಈ ಪ್ರಶ್ನೆ ಸದಾ ಕುತೂಹಲದ್ದು. ಇದಕ್ಕೆ ನಾನು ಕಂಡ ಒಳ್ಳೆಯ ಉತ್ತರಗಳಲ್ಲೊಂದು ಪೋಲೆಂಡಿನದು.

ಬ್ಲೂಸ್ ಎಂಬುದು ಅಮೆರಿಕದ ದಕ್ಷಿಣ ಭಾಗದ ಕಪ್ಪು ಜನರ ದುಡಿಮೆ ಮತ್ತು ದುಃಖಗಳಿಂದ ಹುಟ್ಟಿದ ಗಾಯನ. 1960ರ ದಶಕದಲ್ಲಿ ಇಂಗ್ಲೆಂಡಿನ ತರುಣರು ಅದಕ್ಕೆ ವಿದ್ಯುತ್ ಗಿಟಾರಿನ ಅಬ್ಬರವನ್ನು ಬೆರೆಸಿದಾಗ ಬ್ಲೂಸ್ ರಾಕ್ ರೂಪುಗೊಂಡಿತು. ಆಗ ಪೋಲೆಂಡಿನಲ್ಲಿ ಕಮ್ಯುನಿಸ್ಟ್ ಆಡಳಿತವಿತ್ತು. ಬಾನುಲಿ, ದೂರದರ್ಶನ, ಧ್ವನಿಮುದ್ರಿಕೆಗಳ ತಯಾರಿಕೆ ಎಲ್ಲವೂ ಸರ್ಕಾರದ ಕೈಯಲ್ಲಿದ್ದವು. 'ರಾಕ್ ಅಂಡ್ ರೋಲ್' ಎಂಬ ಹೆಸರೇ ಅಧಿಕಾರಿಗಳಿಗೆ ಅಪಥ್ಯವಾಗಿದ್ದರಿಂದ, ಪತ್ರಕರ್ತ ಫ್ರಾಂಚಿಶೆಕ್ ವಲಿತ್ಸ್ಕಿ ಮೊದಲಾದವರು ಅದನ್ನು 'ಬಿಗ್ ಬೀಟ್' ಎಂದು ಕರೆದು ಒಳಗೆ ಬಿಟ್ಟುಕೊಂಡರು! ಆದರೂ ತರುಣರ ಹಸಿವು ಎಷ್ಟಿತ್ತೆಂಬುದು 1967ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ವಾರ್ಸಾದಲ್ಲಿ ಹಾಡಿದಾಗ ತಿಳಿಯಿತು. ಟಿಕೆಟ್ ಸಿಗದೆ ಹೊರಗುಳಿದವರನ್ನು ಪೊಲೀಸರು ಚದುರಿಸಬೇಕಾಯಿತು.

ಆ ಹೊತ್ತಿಗಾಗಲೇ ಆಗ್ನೇಯ ಪೋಲೆಂಡಿನ ಜೆಶುಫ್ ನಗರದಲ್ಲಿ 'ಬ್ಲ್ಯಾಕೌಟ್' ಎಂಬ ತಂಡವೊಂದು ಹುಟ್ಟಿಕೊಂಡಿತ್ತು. 1965ರಲ್ಲಿ ಅದನ್ನು ಕಟ್ಟಿದವರಲ್ಲಿ ಪ್ರಮುಖರು 1943ರಲ್ಲಿ ಜನಿಸಿದ ಗಿಟಾರ್ ವಾದಕ ತಾದೆಉಷ್ ನಲೆಪಾ. ಅವರ ಪತ್ನಿ ಮೀರಾ ಕುಬಶಿನ್‌ಸ್ಕಾ ಗಾಯಕಿ. ಹಾಡುಗಳನ್ನು ಬರೆದುಕೊಟ್ಟವರು ಬೊಗ್ದಾನ್ ಲೋಬ್ಲ್ ಎಂಬ ಕವಿ. 1968ರಲ್ಲಿ ಈ ತಂಡವೇ 'ಬ್ರೇಕೌಟ್' ಎಂಬ ಹೆಸರಿನಿಂದ ಮರುಹುಟ್ಟು ಪಡೆಯಿತು. ಅದೇ ವರ್ಷ ನೆದರ್‌ಲ್ಯಾಂಡ್ಸ್ ದೇಶದ ಕ್ಲಬ್ಬುಗಳಲ್ಲಿ ಹಾಡಿ ಮರಳುವಾಗ ಅವರು ತಂದದ್ದು ಒಳ್ಳೆಯ ವಾದ್ಯೋಪಕರಣಗಳನ್ನು. ಜೊತೆಗೆ ಪಶ್ಚಿಮದ ಹೊಸ ನಾದದ ನೇರ ಪರಿಚಯವನ್ನು. 1969ರಲ್ಲಿ ಹೊರಬಂದ ಮೊದಲ ಮುದ್ರಿಕೆಯ ಹೆಸರಿನ ಅರ್ಥ 'ಕಾಮನಬಿಲ್ಲಿನ ಆಚೆಯ ದಡದಲ್ಲಿ'. ಅದರಲ್ಲಿ ಜಾಜ್ ಕಲಾವಿದ ವ್ಲೊಜಿಮೆಶ್ ನಹೋರ್ನಿಯವರ ಸ್ಯಾಕ್ಸೊಫೋನ್ ಮತ್ತು ಕೊಳಲಿನ ನುಡಿಸುವಿಕೆಯೂ ಇದೆ.

ಜನಪ್ರಿಯತೆಯ ಬೆನ್ನಿಗೇ ಕಷ್ಟವೂ ಬಂತು. ಉದ್ದ ಕೂದಲು ಬಿಟ್ಟು ಪಾಶ್ಚಾತ್ಯ ಜೀವನಕ್ರಮವನ್ನು ಪ್ರಚಾರ ಮಾಡುತ್ತಾರೆಂಬ ಆಕ್ಷೇಪ ಎದ್ದು, 1970ರ ಸುಮಾರಿಗೆ ಬಾನುಲಿ ಮತ್ತು ದೂರದರ್ಶನಗಳು ಇವರಿಗೆ ಬಾಗಿಲು ಮುಚ್ಚಿದವು. ಸರ್ಕಾರವೇ ಏಕೈಕ ಪ್ರಸಾರಕನಾಗಿರುವ ನಾಡಿನಲ್ಲಿ ಕಲಾವಿದನಿಗೆ ಇದು ಸಣ್ಣ ಶಿಕ್ಷೆಯಲ್ಲ. ವಿಚಿತ್ರವೆಂದರೆ, ಅದೇ ಸರ್ಕಾರದ ಒಡೆತನದ ಸಂಸ್ಥೆಯೇ ಇವರ ಮುದ್ರಿಕೆಗಳನ್ನು ಹೊರತರುತ್ತಲೇ ಇತ್ತು! ಎಡಗೈ ಬಾಯಿ ಮುಚ್ಚುತ್ತಿದ್ದರೆ ಬಲಗೈ ಹಾಡನ್ನು ಅಚ್ಚೊತ್ತುತ್ತಿತ್ತು. ಪ್ರಭುತ್ವವೆಂಬುದು ನಾವು ಭಾವಿಸುವಂತೆ ಒಂದೇ ಮನಸ್ಸಿನ ಪ್ರಾಣಿಯಲ್ಲ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ನನಗೆ ತೋರದು.

ಈ ಬಹಿಷ್ಕಾರದ ನಡುವೆಯೇ, 1971ರಲ್ಲಿ, 'ಬ್ಲೂಸ್' ಎಂಬ ಮುದ್ರಿಕೆ ಬಂತು. ದಾರ್ಯುಷ್ ಕೊಜಾಕೆವಿಚ್ ಅವರ ಗಿಟಾರ್, ಮೌತ್ ಆರ್ಗನ್ನಿನ ಕೊರಗು, ನಲೆಪಾ ಅವರ ಆಡಂಬರವಿಲ್ಲದ ಕಂಠ ಇವು ಅದರ ಜೀವಾಳ. ಹೊದಿಕೆಯ ಚಿತ್ರದಲ್ಲಿ ನಲೆಪಾ ತಮ್ಮ ಪುಟ್ಟ ಮಗ ಪ್ಯೊತ್ರ್‌ನ ಕೈಹಿಡಿದು ನಡೆಯುತ್ತಿದ್ದಾರೆ. ಯುವಜನರನ್ನು ಕೆಡಿಸುವವನೆಂಬ ಅಪವಾದ ಹೊತ್ತ ವ್ಯಕ್ತಿ ಅಲ್ಲಿ ಕೇವಲ ಒಬ್ಬ ತಂದೆ. ಆ ಬಾಲಕನೂ ಮುಂದೆ ಗಿಟಾರ್ ವಾದಕನಾಗಿ ತಂದೆಯೊಡನೆ ನುಡಿಸಿದನು. ಮರುವರ್ಷ, 1972ರಲ್ಲಿ, 'ಕರಾಟೆ' ಎಂಬ ಮುದ್ರಿಕೆ ಬಂತು.

ಇವರ ನಿಜವಾದ ಸಾಧನೆ ಇರುವುದು ಭಾಷೆಯಲ್ಲಿ ಎಂಬುದು ನನ್ನ ಅಭಿಪ್ರಾಯ. ಮಿಸಿಸಿಪ್ಪಿಯ ಹತ್ತಿ ಹೊಲಗಳ ನೋವನ್ನು ಅನುಕರಿಸುವುದು ಸುಲಭವಿತ್ತು. ಆದರೆ ಅದು ವೇಷವಾಗುತ್ತಿತ್ತು. ಲೋಬ್ಲ್ ಬಾಲ್ಯ, ಒಂಟಿತನ, ಪ್ರೇಮಗಳನ್ನು ಸರಳ ಪೋಲಿಷ್ ನುಡಿಯಲ್ಲಿ ಬರೆದರು. ನಲೆಪಾ ಅದಕ್ಕೆ ಬ್ಲೂಸಿನ ನಡಿಗೆಯನ್ನು ಕೊಟ್ಟರು. ಚೌಕಟ್ಟು ಎರವಲಿನದು, ನೋವು ಸ್ವಂತದ್ದು.

1980ರ ದಶಕದ ಆರಂಭದಲ್ಲಿ ತಂಡ ಕೊನೆಗೊಂಡಿತು. ಆದರೆ ಪೋಲಿಷ್ ಭಾಷೆಯಲ್ಲಿ ಬ್ಲೂಸ್ ಹಾಡಬಹುದೆಂಬುದು ಅಷ್ಟರಲ್ಲಿ ಸ್ಥಾಪಿತವಾಗಿತ್ತು. 1973ರಲ್ಲಿ ಸೈಲೀಷಿಯಾದ ಗಣಿ ಪ್ರದೇಶದಲ್ಲಿ ಆರಂಭವಾದ 'ಜೆಮ್' ತಂಡ ಇದೇ ದಾರಿಯಲ್ಲಿ ನಡೆಯಿತು; ಅದರ ಗಾಯಕ ರಿಶಾರ್ಡ್ ರೀಡೆಲ್ 1994ರಲ್ಲಿ ಅಕಾಲಮರಣಕ್ಕೆ ತುತ್ತಾದರೂ ಅವರ ಹಾಡುಗಳು ಜನರ ಬಾಯಲ್ಲಿ ಉಳಿದವು. ಕತೊವಿತ್ಸೆ ನಗರದಲ್ಲಿ 1981ರಲ್ಲಿ 'ರಾವಾ ಬ್ಲೂಸ್' ಉತ್ಸವ ಮೊದಲಾಯಿತು.

ಮೀರಾ ಕುಬಶಿನ್‌ಸ್ಕಾ 2005ರಲ್ಲಿ, ನಲೆಪಾ 2007ರಲ್ಲಿ ತೀರಿಕೊಂಡರು. ಜೆಶುಫ್‌ನ ಬೀದಿಯಲ್ಲೀಗ ನಲೆಪಾ ಅವರ ಪ್ರತಿಮೆ ನಿಂತಿದೆ. ಅವರ ಹಾಡನ್ನು ಪ್ರಸಾರ ಮಾಡಬಾರದೆಂದು ತೀರ್ಮಾನಿಸಿದ ಅಧಿಕಾರಿಗಳ ಹೆಸರುಗಳನ್ನು ಇಂದು ಯಾರು ತಾನೇ ನೆನೆಯುತ್ತಾರೆ?