ಬಿಸಿಲಿನ ಪಾಲು

ಫ್ಲ್ಯಾಟ್ ನೋಡೋಕೆ ಹೋದರೆ ನಾವು ಮೊದಲು ಕೇಳೋದು ‘ಯಾವ ಫೇಸಿಂಗ್?’ ಅಂತ. ಗ್ರೀಸಿನ ಒಲಿಂಥಸ್ ನಗರದವರು ಇದನ್ನು ಕ್ರಿ.ಪೂ. 5ನೇ ಶತಮಾನದಲ್ಲೇ ಬಗೆಹರಿಸಿಕೊಂಡಿದ್ದರು.

ಅಲ್ಲಿನ ಹೊಸ ಬಡಾವಣೆಯಲ್ಲಿ ಬಾಗಿಲು ಯಾವ ಬೀದಿಗಿದ್ದರೂ ಅಂಗಳ ಮಾತ್ರ ದಕ್ಷಿಣಕ್ಕೆ. ಅದರ ಉತ್ತರಕ್ಕೆ ಸೂರಿರುವ ಜಗಲಿ, ಅದರ ಹಿಂದೆ ವಾಸದ ಕೋಣೆಗಳು. ಚಳಿಗಾಲದ ಸೂರ್ಯ ಕೆಳಗೇ ಸಾಗೋದರಿಂದ ಬಿಸಿಲು ಜಗಲಿ ದಾಟಿ ಒಳಗೆ ಬರುತ್ತಿತ್ತು. ಬೇಸಿಗೆಯಲ್ಲಿ ಸೂರ್ಯ ಮೇಲೇರಿದಾಗ ಅದೇ ಸೂರು ನೆರಳು ಕೊಡುತ್ತಿತ್ತು. ಮನೆ ಹೀಗೇ ಇರಬೇಕು ಅಂತ ಸಾಕ್ರಟೀಸ್ ಹೇಳಿದ್ದನ್ನು ಕ್ಸೆನೊಫೋನ್ ಬರೆದಿಟ್ಟಿದ್ದಾನೆ.

ಕ್ರಿ.ಪೂ. 348ರಲ್ಲಿ ಮ್ಯಾಸಿಡೋನಿಯಾದ ಎರಡನೇ ಫಿಲಿಪ್ ಆ ಊರನ್ನು ನಾಶ ಮಾಡಿದ. 1928ರಲ್ಲಿ ಶುರುವಾದ ಉತ್ಖನನದಲ್ಲಿ ಅದರ ಬೀದಿ, ಮನೆಗಳ ಪಾಯ ಮತ್ತೆ ಕಣ್ಣಿಗೆ ಬಿತ್ತು.

ನನ್ನನ್ನು ಕಾಡೋದು ಇಷ್ಟೇ: ಬೀದಿಯ ಗೆರೆ ಎಳೆಯುವಾಗಲೇ ಅವರು ಸಾಲುಸಾಲು ಮನೆಗಳಿಗೆ ಬಿಸಿಲಿನ ಪಾಲು ಎತ್ತಿಟ್ಟಿದ್ದರು. ನಾವು ಅದಕ್ಕೂ ಬೇರೆ ರೇಟ್ ಕೊಡ್ತೀವಿ.