ಒತ್ತಡದ ಅಳತೆಗೋಲು ಯಾರ ಕೈಲಿ?

ಫೋನಿನಲ್ಲೇ ಅರ್ಜಿ ತುಂಬುತ್ತಿರುತ್ತೀರಿ. ಹೆಸರು, ಸರ್ವೆ ನಂಬರ್, ಆಧಾರ್ ನಂಬರ್ ಎಲ್ಲ ಹಾಕಿ ಆಯ್ತು. ಒಟಿಪಿ ನೋಡೋಣ ಅಂತ ಮೆಸೇಜ್ ತೆರೆದು ವಾಪಸ್ ಬಂದರೆ ಅರ್ಜಿ ಪೂರಾ ಖಾಲಿ. ವೆಬ್‌ಸೈಟಿಗೋ ನೆಟ್‌ವರ್ಕಿಗೋ ಬೈಯುತ್ತೇವೆ. ಎಷ್ಟೋ ಸಲ ತಪ್ಪು ಅವುಗಳದ್ದಲ್ಲ. ಎರಡು ಜಿಬಿ ರ‍್ಯಾಮಿನ ಫೋನಿನಲ್ಲಿ ಜಾಗ ಸಾಲದೆ, ಹಿಂದೆ ಸರಿದ ಬ್ರೌಸರನ್ನು ಫೋನೇ ಮುಚ್ಚಿ ಹಾಕಿರುತ್ತದೆ. ಆಂಡ್ರಾಯ್ಡ್‌ನಲ್ಲಿ ಈ ಕೆಲಸಕ್ಕೆಂದೇ ಒಬ್ಬ ಕಾವಲುಗಾರನಿದ್ದಾನೆ, ಹೆಸರು ಎಲ್‌ಎಂಕೆಡಿ. ಯಾವ ಆ್ಯಪ್ ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವವನು ಅವನು.

ಜಾಗ ಸಾಲುತ್ತಿಲ್ಲ ಎಂಬುದು ಅವನಿಗೆ ಹೇಗೆ ಗೊತ್ತಾಗುತ್ತದೆ? ಅದಕ್ಕೊಂದು ಅಳತೆಗೋಲು ಇದೆ. ಅದನ್ನು ಯಾರು ಮುಟ್ಟಬಹುದು ಎಂಬ ಬಗ್ಗೆ ಒಂದು ಸಣ್ಣ ಚರಿತ್ರೆಯೂ ಇದೆ.

ಆಂಡ್ರಾಯ್ಡ್ ಫೋನುಗಳ ತಳದಲ್ಲಿರುವುದು ಲಿನಕ್ಸ್ ಕರ್ನಲ್. ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರು ಮಾಡಿದ್ದು. ಕರ್ನಲ್ ಅಂದರೆ ನಮ್ಮ ಕೆರೆಯ ನೀರುಗಂಟಿ ಇದ್ದ ಹಾಗೆ. ಪ್ರೊಸೆಸರಿನ ಹೊತ್ತು, ಮೆಮೊರಿಯ ಜಾಗ, ಡಿಸ್ಕಿನ ಓಡಾಟ, ಈ ಮೂರನ್ನೂ ಎಲ್ಲ ಆ್ಯಪ್‌ಗಳಿಗೆ ಸರದಿಯಂತೆ ಹಂಚುವುದು ಅದರ ಕೆಲಸ.

ಹಂಚಿಕೆ ಸರಿಹೋಗುತ್ತಿದೆಯೇ ಎಂದು ನೋಡಲು ಬಹಳ ಕಾಲ ಹೆಚ್ಚಾಗಿ ಬಳಸುತ್ತಿದ್ದುದು 'ಲೋಡ್ ಆವರೇಜ್' ಎಂಬ ಅಳತೆ. 1970ರ ದಶಕದ ಟೆನೆಕ್ಸ್ ಎಂಬ ವ್ಯವಸ್ಥೆಯಿಂದ ಬಂದ ಲೆಕ್ಕ ಇದು. ಎಷ್ಟು ಕೆಲಸಗಳು ಸಾಲಿನಲ್ಲಿವೆ ಎಂಬುದನ್ನು ಹೇಳುತ್ತಿತ್ತು, ಅಷ್ಟೆ. ಕಬ್ಬು ಅರೆಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆ ಮುಂದೆ ನಿಂತ ಗಾಡಿಗಳನ್ನು ಎಣಿಸಿದ ಹಾಗೆ. ನಲವತ್ತು ಗಾಡಿ ನಿಂತಿವೆ ಅನ್ನಿ. ಕಾರ್ಖಾನೆ ಚುರುಕಾಗಿದ್ದರೆ ನಲವತ್ತೂ ಮಧ್ಯಾಹ್ನದೊಳಗೆ ಖಾಲಿ. ಕೆಟ್ಟು ನಿಂತಿದ್ದರೆ ಹತ್ತೇ ಗಾಡಿ ಇದ್ದರೂ ಕಬ್ಬು ಒಣಗುತ್ತದೆ. ರೈತನಿಗೆ ಬೇಕಾದ್ದು ಗಾಡಿಯ ಎಣಿಕೆಯಲ್ಲ, ಕಾದು ಹಾಳಾದ ಹೊತ್ತಿನ ಲೆಕ್ಕ.

ಆ ಲೆಕ್ಕವನ್ನು ಕರ್ನಲ್‌ಗೆ ತಂದವರು ಆಗ ಫೇಸ್‌ಬುಕ್‌ನಲ್ಲಿದ್ದ ಯೋಹಾನ್ಸ್ ವೈನರ್. ಪಿಎಸ್‌ಐ ಎಂಬ ಅದರ ಹೆಸರು ಕೇಳಿದರೆ ನಮ್ಮವರಿಗೆ ಠಾಣೆಯೇ ನೆನಪಾಗುವುದು. ಇದು ಬೇರೆ ಪಿಎಸ್‌ಐ. ಒತ್ತಡದಿಂದ ಕೆಲಸ ನಿಂತ ಹೊತ್ತಿನ ಮಾಹಿತಿ ಎಂದು ಅದರ ಅರ್ಥ. 2018ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 4.20ರಲ್ಲಿ ಇದು ಸೇರಿತು. ಪ್ರೊಸೆಸರ್, ಮೆಮೊರಿ, ಡಿಸ್ಕ್‌ಗೆ ಒಂದೊಂದು ಫೈಲು. ಕಳೆದ 10 ಸೆಕೆಂಡು, 60 ಸೆಕೆಂಡು, 300 ಸೆಕೆಂಡುಗಳಲ್ಲಿ ನೂರಕ್ಕೆ ಎಷ್ಟು ಪಾಲು ಹೊತ್ತು ಕಾಯುವುದರಲ್ಲೇ ಹೋಯಿತು ಎಂದು ಅದರಲ್ಲಿ ಬರೆದಿರುತ್ತದೆ. ಅದರಲ್ಲೂ ಎರಡು ಬಗೆ. ಆಲೆಮನೆಯಲ್ಲಿ ಒಬ್ಬ ಆಳು ಸುಮ್ಮನೆ ನಿಂತು ಉಳಿದವರು ದುಡಿಯುತ್ತಿದ್ದರೆ ಒಂದು ಲೆಕ್ಕ. ಗಾಣವೂ ನಿಂತು, ಕೊಪ್ಪರಿಗೆಯೂ ಆರಿ, ಎಲ್ಲರೂ ಕೈಕಟ್ಟಿ ಕೂತಿದ್ದರೆ ಇನ್ನೊಂದು ಲೆಕ್ಕ.

ಈ ಫೈಲುಗಳನ್ನು ಕಂಪ್ಯೂಟರಿನ ಯಾವ ಬಳಕೆದಾರ ಬೇಕಾದರೂ ಓದಬಹುದಿತ್ತು. ಕೆಆರ್‌ಎಸ್ ಮಟ್ಟ 124.80 ಅಡಿಗೆ ಇನ್ನೆಷ್ಟು ಬಾಕಿ ಎಂದು ನಾವು ಪೇಪರಿನಲ್ಲಿ ನೋಡುತ್ತೇವಲ್ಲ, ಹಾಗೆ. ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ.

ತಕರಾರು ಹುಟ್ಟಿದ್ದು 2019ರಲ್ಲಿ. ಆ ವರ್ಷ ಲಿನಕ್ಸ್ 5.2ರಲ್ಲಿ ಗೂಗಲ್‌ನ ಸುರೆನ್ ಬಗ್ದಾಸರ್ಯನ್ ಹೊಸದೊಂದು ಅನುಕೂಲ ಸೇರಿಸಿದರು. ಮತ್ತೆ ಮತ್ತೆ ಹೋಗಿ ಓದುವ ಬದಲು, 'ಒಂದು ಸೆಕೆಂಡಿನಲ್ಲಿ ಇಷ್ಟು ಹೊತ್ತು ಕೆಲಸ ನಿಂತರೆ ನನ್ನನ್ನು ಎಬ್ಬಿಸು' ಎಂದು ಆ ಫೈಲಿಗೇ ಬರೆದು ಇಡಬಹುದು. ಆಂಡ್ರಾಯ್ಡ್ 10ರಿಂದ ಎಲ್‌ಎಂಕೆಡಿ ಮಲಗಿ ಏಳುವುದು ಹೀಗೆಯೇ. ಫೋನು ಪೂರ್ತಿ ಸ್ತಬ್ಧವಾಗುವ ಮೊದಲೇ ಅವನಿಗೆ ಕರೆ ಹೋಗುತ್ತದೆ.

ಆದರೆ ಹಾಗೆ ಎಬ್ಬಿಸುವುದು ಪುಕ್ಕಟೆಯಲ್ಲ. ಒತ್ತಡ ಕಂಡಾಗ ಕರ್ನಲ್ ಒಂದು ಬೇರೆಯೇ ಕಾವಲನ್ನು ಓಡಿಸಬೇಕು. ಕೊಟ್ಟ ಅವಧಿಯೊಳಗೆ ಹತ್ತು ಸಲ ಅಳೆದು ನೋಡಬೇಕು. ಎಲ್ಲ ಕಡೆ ನೂಕುನುಗ್ಗಲಿದ್ದಾಗಲೂ ತಡವಾಗಬಾರದೆಂದು ಆ ಕಾವಲಿಗೆ ಎಲ್ಲರಿಗಿಂತ ಮುಂದಿನ ಸರದಿ ಕೊಟ್ಟಿದ್ದರು. ಸಿಕ್ಕಸಿಕ್ಕ ಆ್ಯಪ್‌ಗಳೆಲ್ಲ ಹೀಗೆ ಬರೆದಿಟ್ಟರೆ ಅಳೆಯುವ ಕೆಲಸವೇ ಒಂದು ಹೊರೆ. ಅದಕ್ಕೇ ಓದುವುದು ಎಲ್ಲರಿಗೆ, ಬರೆಯುವುದು ಯಜಮಾನನಿಗೆ ಮಾತ್ರ ಎಂದಾಯಿತು. ಲಿನಕ್ಸ್‌ನಲ್ಲಿ ಆ ಯಜಮಾನನಿಗೆ 'ರೂಟ್' ಅನ್ನುತ್ತಾರೆ. ಕೆರೆಯ ನೀರು ಎಲ್ಲಿಗೆ ಬಂತೆಂದು ಊರೆಲ್ಲ ನೋಡಬಹುದು, ತೂಬು ಮುಟ್ಟುವವನು ನೀರುಗಂಟಿ ಒಬ್ಬನೇ ಎಂಬ ಹಳೇ ಕಟ್ಟಳೆಯೇ ಇದು.

ಆ ಕಟ್ಟಳೆಯಲ್ಲಿ ನ್ಯಾಯವಿದೆ ಅನ್ನಿಸುತ್ತದೆ. ತೊಡಕೂ ಇದೆ. ಎಚ್ಚರಿಕೆ ಗಂಟೆ ಬೇಕು ಎಂಬ ಒಂದೇ ಕಾರಣಕ್ಕೆ ಒಂದು ಪ್ರೋಗ್ರಾಮಿಗೆ ಇಡೀ ಮನೆಯ ಬೀಗದ ಕೈ ಕೊಡಬೇಕಾಗುತ್ತಿತ್ತು. ಬೀಗದ ಕೈ ಇದ್ದವನು ಕೆಟ್ಟರೆ ಮನೆಯೇ ಹೋದಂತೆ. 2021ರಲ್ಲಿ ಲಿನಕ್ಸ್ 5.13 ಇದನ್ನು ಸ್ವಲ್ಪ ಸಡಿಲಿಸಿತು. ಜೋಶ್ ಹಂಟ್ ಎಂಬವರ ತಿದ್ದುಪಡಿ ಅದು. ಪೂರ್ತಿ ಯಜಮಾನಿಕೆ ಬೇಡ, ಸಂಪನ್ಮೂಲದ ವಿಚಾರಕ್ಕಷ್ಟೇ ಸೀಮಿತವಾದ ಒಂದು ಅಧಿಕಾರವಿದ್ದರೆ ಸಾಕು ಎಂದಾಯಿತು.

ಕಾಯುವ ಕಡೆಯೂ ಒಂದು ಬಿರುಕು ಸಿಕ್ಕಿತು. ಗಂಟೆ ಕೇಳಲು ಒಬ್ಬ ಕಾದು ಕೂತಿರುವಾಗಲೇ ಅದೇ ಫೈಲಿಗೆ ಇನ್ನೊಂದು ಷರತ್ತು ಬರೆದರೆ ಹಳೇ ಗಂಟೆ ಕಿತ್ತುಹೋಗುತ್ತಿತ್ತು. ಕಾಯುತ್ತಿದ್ದವನ ಹಗ್ಗ ಮಾತ್ರ ಇಲ್ಲದ ಗಂಟೆಗೇ ಕಟ್ಟಿಕೊಂಡಿರುತ್ತಿತ್ತು. ಅದರಿಂದ ಕರ್ನಲ್ ಕುಸಿಯಬಹುದು, ಮೆಮೊರಿ ಕಲಸಿಹೋಗಬಹುದು. 2022ರಲ್ಲಿ ಸರಿಪಡಿಸಿದರು. ಒಮ್ಮೆ ತೆರೆದ ಫೈಲಿಗೆ ಒಂದೇ ಷರತ್ತು, ಎರಡನೆಯದಕ್ಕೆ ಈಗ 'ಪುರುಸೊತ್ತಿಲ್ಲ' ಎಂಬ ಉತ್ತರ ಬರುತ್ತದೆ.

ನನಗೆ ಇಷ್ಟವಾದ ತಿದ್ದುಪಡಿ 2023ರದ್ದು, ಲಿನಕ್ಸ್ 6.4ರಲ್ಲಿ ಬಂದದ್ದು. ಡೊಮೆನಿಕೊ ಚೆರಾಸುಓಲೊ ಒಂದು ಸರಳ ಸಂಗತಿಯನ್ನು ಹಿಡಿದರು. ಕರ್ನಲ್ ಹೇಗೂ ತನ್ನ ಸರಾಸರಿ ಲೆಕ್ಕಕ್ಕಾಗಿ ಎರಡು ಸೆಕೆಂಡಿಗೊಮ್ಮೆ ಸುತ್ತು ಬರುತ್ತದೆ. ಹಾಗಿದ್ದ ಮೇಲೆ ಎರಡು, ನಾಲ್ಕು, ಆರು ಸೆಕೆಂಡಿನ ಅವಧಿ ಕೇಳುವ ಸಾಮಾನ್ಯ ಬಳಕೆದಾರರಿಗೆ ಅದೇ ಸುತ್ತಿನಲ್ಲೇ ಸುದ್ದಿ ಮುಟ್ಟಿಸಬಹುದಲ್ಲ? ಬೇರೆ ಕಾವಲು ಬೇಡ, ಹೆಚ್ಚಿನ ಖರ್ಚಿಲ್ಲ. ತುರ್ತಾಗಿ ಬೇಕೆನ್ನುವವರಿಗೆ ಮಾತ್ರ ಹಳೇ ಅಧಿಕಾರದ ಷರತ್ತು ಉಳಿಯಿತು. ಲೈನ್‌ಮ್ಯಾನ್ ಹೇಗೂ ನಮ್ಮ ಬೀದಿಗೆ ಬರುವ ದಿನ ನಮ್ಮ ಕಂಬವನ್ನೂ ನೋಡಿ ಹೋಗಲಿ ಎಂದ ಹಾಗೆ.

ಇಷ್ಟೆಲ್ಲ ಬರೆಯುವವರ ಮಾತಾಯಿತು. ಓದುವುದರಲ್ಲಿ ಅಪಾಯವೇ ಇಲ್ಲವೇ ಎಂದರೆ, ಫೋನಿನ ಕತೆ ಬೇರೆ. ಇಂಥದೇ ಇನ್ನೊಂದು ಬಹಿರಂಗ ಲೆಕ್ಕದ ಫೈಲು, ಫೋನಿನ ಬಿಡಿಭಾಗಗಳು ಪ್ರೊಸೆಸರನ್ನು ಎಷ್ಟು ಸಲ ಕರೆದವು ಎಂಬ ಎಣಿಕೆ. ಅದನ್ನು ಓದಿಯೇ ನೀವು ಪರದೆ ಮೇಲೆ ಎಳೆಯುವ ಅನ್‌ಲಾಕ್ ಪ್ಯಾಟರ್ನನ್ನು ಊಹಿಸಬಹುದೆಂದು 2016ರಲ್ಲಿ ಸಂಶೋಧಕರು ತೋರಿಸಿದರು. ಯಾರ ಹಿತ್ತಲಲ್ಲಿ ಎಷ್ಟು ಹೊಗೆ ಎದ್ದಿತೆಂದು ನೋಡಿ ಅಡುಗೆ ಏನೆಂದು ಹೇಳಿದಂತೆ. ಆಂಡ್ರಾಯ್ಡ್ 8 ಬಂದ 2017ರಲ್ಲಿ ಪ್ರೊಸೆಸರ್ ಬಳಕೆಯ ಫೈಲನ್ನು ಆ್ಯಪ್‌ಗಳಿಂದ ಮುಚ್ಚಿದರು. ಫೋನಿನ ಪ್ರೊಸೆಸರ್ ಬಳಕೆಯನ್ನು ತೋರಿಸುತ್ತಿದ್ದ ಅನೇಕ ಆ್ಯಪ್‌ಗಳು ಅಂದೇ ಕುರುಡಾದವು.

ಒತ್ತಡದ ಲೆಕ್ಕವನ್ನು ನೇರವಾಗಿ ನೋಡಲಾಗದ ಆ್ಯಪ್‌ಗಳಿಗೆ ಆಂಡ್ರಾಯ್ಡ್ ಬದಲಿಗೆ ಕೊಡುತ್ತಿದ್ದುದು ಹಂತಹಂತದ ಎಚ್ಚರಿಕೆ. ಮೆಮೊರಿ ಕಡಿಮೆಯಾಗುತ್ತಿದೆ, ಕೈಲಿರುವುದನ್ನು ಬಿಟ್ಟುಕೊಡಿ ಎಂಬ ಮಾತು. ಲಿನಕ್ಸ್ ಸಾಮಾನ್ಯರಿಗೆ ಬಾಗಿಲು ತೆರೆದ ಅದೇ 2023ರಲ್ಲಿ ಬಂದ ಆಂಡ್ರಾಯ್ಡ್ 14 ಆ ಎಚ್ಚರಿಕೆಗಳಲ್ಲಿ ಹೆಚ್ಚಿನವನ್ನು ನಿಲ್ಲಿಸಿತು. ಆ್ಯಪ್ ಪರದೆಯಿಂದ ಮರೆಯಾದಾಗ, ಹಿನ್ನೆಲೆಗೆ ಸರಿದಾಗ ಬರುವ ಎರಡು ಸೂಚನೆಗಳಷ್ಟೇ ಈಗ ಉಳಿದಿವೆ.