ಸಮರವಾರ್ತೆಯ ದನಿ ಮತ್ತು ಭದ್ರಾವತಿಯ ಮರುಪ್ರಸಾರ

ಯುದ್ಧಕಾಲದ ಬಾನುಲಿ ಪತ್ರಿಕೋದ್ಯಮದ ಚರಿತ್ರೆಯನ್ನು ರಣರಂಗಕ್ಕೆ ತೆರಳಿದ ವರದಿಗಾರರ ಸಾಹಸಗಳ ಮೂಲಕ ಬರೆಯುವುದು ರೂಢಿಯಾಗಿದೆ. ಶಿವಮೊಗ್ಗ ಮತ್ತು ಭದ್ರಾವತಿಯಂತಹ ಊರುಗಳ ಕಡೆಯಿಂದ ನೋಡಿದರೆ, ಆ ಸುದ್ದಿಯನ್ನು ಕನ್ನಡಕ್ಕೆ ತಂದು ಓದಿದವರಿಗೂ ಅದನ್ನು ಮನೆಮನೆಗೆ ತಲುಪಿಸಿದ ಪ್ರಸಾರ ಕೇಂದ್ರಗಳಿಗೂ ಅಷ್ಟೇ ಹಿರಿದಾದ ಸ್ಥಾನ ಸಲ್ಲಬೇಕು.

ಎರಡನೆಯ ಮಹಾಯುದ್ಧದಲ್ಲಿ ಈ ವೃತ್ತಿ ರೂಪುಗೊಂಡಿತು. 1940ರಲ್ಲಿ ವರದಿಗಾರ ಎಡ್ವರ್ಡ್ ಮರ್ರೋ ಬಾಂಬು ದಾಳಿಗೆ ಸಿಲುಕಿದ್ದ ಲಂಡನ್ನಿನಿಂದ ಅಮೆರಿಕದ ಕೇಳುಗರನ್ನು ಉದ್ದೇಶಿಸಿ ಮಾತನಾಡಿದರೆ, 1944ರ ಜೂನ್‌ನಲ್ಲಿ ಬಿಬಿಸಿಯ ವರದಿಗಾರರು ಧ್ವನಿಮುದ್ರಣ ಯಂತ್ರಗಳನ್ನು ಹೊತ್ತು ಸೈನ್ಯದೊಂದಿಗೆ ನಾರ್ಮಂಡಿಗೆ ಇಳಿದರು. ಭಾರತದ ಸ್ಥಿತಿ ಬೇರೆಯಾಗಿತ್ತು. ಜರ್ಮನಿಯ ಪ್ರಚಾರಕ್ಕೆ ಎದುರಾಗಿ ಆಲ್ ಇಂಡಿಯಾ ರೇಡಿಯೊ 1939ರ ಅಕ್ಟೋಬರ್‌ನಲ್ಲಿ ಪುಷ್ಟು ಭಾಷೆಯಲ್ಲಿ ವಿದೇಶ ಪ್ರಸಾರ ಆರಂಭಿಸಿತು. 1942ರಲ್ಲಿ ಸುಭಾಷಚಂದ್ರ ಬೋಸರ ಆಜಾದ್ ಹಿಂದ್ ರೇಡಿಯೊ ಬರ್ಲಿನ್ನಿನಿಂದಲೂ, ಉಷಾ ಮೆಹ್ತಾ ಮತ್ತು ಸಂಗಡಿಗರ ಗುಪ್ತ ಕಾಂಗ್ರೆಸ್ ರೇಡಿಯೊ ಮುಂಬಯಿಯಿಂದಲೂ ಮಾತನಾಡಿದವು. ಪ್ರಭುತ್ವದ ದನಿ ಮತ್ತು ಪ್ರತಿರೋಧದ ದನಿ ಹೀಗೆ ಪೈಪೋಟಿಗೆ ಬಿದ್ದಾಗ, ಸ್ವತಂತ್ರವಾಗಿ ಕಂಡು ವರದಿ ಮಾಡುವವನಿಗೆ ಎಡೆ ಉಳಿಯಲಿಲ್ಲ.

ಭದ್ರಾವತಿಯ ಆಕಾಶವಾಣಿ ಕೇಂದ್ರ ಆರಂಭವಾದ 1965ರಲ್ಲಿಯೇ ಭಾರತ–ಪಾಕಿಸ್ತಾನ ಯುದ್ಧವೂ ನಡೆಯಿತೆಂಬುದು ಗಮನಾರ್ಹ. ಆ ಕಾಲದ ಸುದ್ದಿವ್ಯವಸ್ಥೆಯಲ್ಲಿ ದೆಹಲಿಯ ಸುದ್ದಿಕೋಣೆ ಇಂಗ್ಲಿಷಿನಲ್ಲಿ ಸಿದ್ಧಪಡಿಸಿದ ಪ್ರತಿಯನ್ನು ಭಾಷಾ ವಿಭಾಗದವರು ಅನುವಾದಿಸಿ ತಾವೇ ಓದುತ್ತಿದ್ದರು. ಪ್ರಾದೇಶಿಕ ಕೇಂದ್ರಗಳು ಅದನ್ನು ಮರುಪ್ರಸಾರ, ಅಂದರೆ ಬೇರೊಂದು ಕೇಂದ್ರದ ಪ್ರಸಾರವನ್ನು ಹಿಡಿದು ತಮ್ಮ ತರಂಗಾಂತರದಲ್ಲಿ ಮತ್ತೆ ಬಿತ್ತರಿಸುವ ಕೆಲಸ, ಮಾಡುತ್ತಿದ್ದವು. ವಾಯುದಾಳಿ, ಕದನವಿರಾಮ, ಶರಣಾಗತಿ ಮೊದಲಾದ ಸಂಗತಿಗಳನ್ನು ಗಡಿಯಾರದ ಒತ್ತಡದಲ್ಲಿ ತಪ್ಪಿಲ್ಲದ, ಕಿವಿಗೆ ಹಿತವಾದ ಕನ್ನಡಕ್ಕೆ ಇಳಿಸಬೇಕಾಗಿದ್ದ ಆ ವಾರ್ತಾವಾಚಕ–ಅನುವಾದಕರನ್ನೇ ಕನ್ನಡದ ಯುದ್ಧಕಾಲೀನ ಪ್ರಸಾರ ಪತ್ರಕರ್ತರೆಂದು ಪರಿಗಣಿಸುವುದು ನ್ಯಾಯ. ರಣರಂಗದಿಂದ ಬಹುದೂರದ, ಕಬ್ಬಿಣ ಕಾರ್ಖಾನೆಯ ಊರಾದ ಭದ್ರಾವತಿಗೆ ಯುದ್ಧವು ವಾಕ್ಯಗಳಾಗಿಯೇ ಬಂದಿತು. ಆ ವಾಕ್ಯಗಳನ್ನು ಕಟ್ಟಿದವರು ಅವರೇ.

ಓದುವಿಕೆ ಎಷ್ಟು ಪ್ರಭಾವಶಾಲಿಯಾಗಬಲ್ಲದೆಂಬುದಕ್ಕೆ 1971ರ ಬಾಂಗ್ಲಾದೇಶ ವಿಮೋಚನಾ ಯುದ್ಧಕಾಲದ ಬಂಗಾಳಿ ನಿದರ್ಶನ ಸಾಕು. ಪ್ರಣವೇಶ ಸೇನ್ ಬರೆದು ದೇವದುಲಾಲ ಬಂದ್ಯೋಪಾಧ್ಯಾಯ ಕಲ್ಕತ್ತ ಕೇಂದ್ರದಿಂದ ಓದುತ್ತಿದ್ದ ‘ಸಂವಾದ ಪರಿಕ್ರಮ’ವೆಂಬ ಸುದ್ದಿ ವಿಶ್ಲೇಷಣೆ ಗಡಿಯಾಚೆಯ ಮುಕ್ತಿಹೋರಾಟಗಾರರಿಗೆ ಧೈರ್ಯ ತುಂಬಿತು; ಬಂದ್ಯೋಪಾಧ್ಯಾಯರಿಗೆ 1972ರಲ್ಲಿ ಪದ್ಮಶ್ರೀ ದೊರೆಯಿತು. ಬಂದೂಕು ಹಿಡಿದವರ ಪಕ್ಕದಲ್ಲಿ ನಿಂತವರಿಗೆ ಮೀಸಲಾಗಿದ್ದ ಕೀರ್ತಿ ಸ್ಟುಡಿಯೊದಲ್ಲಿ ಕುಳಿತ ಕಂಠಕ್ಕೂ ಸಂದ ಅಪರೂಪದ ಸಂದರ್ಭ ಇದು.

1999ರ ಕಾರ್ಗಿಲ್ ಯುದ್ಧ, ಯುದ್ಧವಾರ್ತೆಯನ್ನು ಓದಿ ಕೇಳಿಸುವ ಈ ಕ್ರಮವನ್ನು ಬದಲಿಸಿತು. ಉಪಗ್ರಹ ದೂರವಾಣಿ ಮತ್ತು ಖಾಸಗಿ ವಾಹಿನಿಗಳ ಮೂಲಕ ವರದಿಗಾರರ ಮುಖ ಮತ್ತು ಫಿರಂಗಿಯ ಸದ್ದು ಒಟ್ಟಿಗೇ ಶಿವಮೊಗ್ಗದ ಮನೆಗಳಿಗೆ ಬಂದವು. ವಾರ್ತೆಗಾಗಿ ನಿಗದಿತ ಹೊತ್ತಿಗೆ ಕಾಯುವ ಅಗತ್ಯ ತಗ್ಗಿತು. ಆದರೆ ನೇರ ಪ್ರಸಾರ ಎದುರಾಳಿಗೂ ಮಾಹಿತಿ ಒದಗಿಸಬಲ್ಲದೆಂಬುದು 2008ರ ಮುಂಬಯಿ ದಾಳಿಯಲ್ಲಿ ದಾರುಣವಾಗಿ ಸ್ಪಷ್ಟವಾಯಿತು. 2015ರಲ್ಲಿ ತಿದ್ದುಪಡಿಯಾದ ಕೇಬಲ್ ಟೆಲಿವಿಷನ್ ನಿಯಮಗಳು ಭಯೋತ್ಪಾದನೆ ನಿಗ್ರಹ ಕಾರ್ಯಾಚರಣೆಯ ನೇರ ಪ್ರಸಾರವನ್ನು ನಿಷೇಧಿಸಿ, ನಿಯೋಜಿತ ಅಧಿಕಾರಿ ಆಗಾಗ ನೀಡುವ ವಿವರಣೆಯನ್ನಷ್ಟೇ ಬಿತ್ತರಿಸಲು ಅನುಮತಿಸಿದವು. ಇದರಿಂದ ಅಂತಹ ಸಂದರ್ಭಗಳಲ್ಲಿ ದೃಶ್ಯವಾಹಿನಿಗಳೂ, 1965ರ ಬಾನುಲಿಯಂತೆ, ಅಧಿಕೃತ ಹೇಳಿಕೆಯನ್ನು ತಮ್ಮ ಭಾಷೆಯಲ್ಲಿ ನಿಖರವಾಗಿ ತಲುಪಿಸುವ ಕೆಲಸಕ್ಕೆ ಮರಳಬೇಕಾಗಿದೆ.